ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ 1978 ಬಿಟ್ಟರೆ ಬೇರೆ ಚರಿತ್ರೆಯೇ ಇಲ್ಲವೇ?

ಪ್ರಶ್ನೆ: ಮೂಡಿಗೆರೆಯ ಓದುಗ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಓದುಗರ ಬಳಗವೊಂದರ ವಾರ್ಷಿಕ ಸಂಚಿಕೆಗೆ ಹಳೆಯ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಬಗ್ಗೆ ಲೇಖನವೊಂದನ್ನು ಬರೆಯಲು ಒಪ್ಪಿಕೊಂಡಿದ್ದೇನೆ. ಆದರೆ ಈ ವಿಷಯವಾಗಿ ಯಾರನ್ನು ಕೇಳಿದರೂ ಮಾತು 1978ರ ಉಪಚುನಾವಣೆಯಿಂದ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಇಂದಿರಾ ಗಾಂಧಿ ಬಂದರು, ವೀರೇಂದ್ರ ಪಾಟೀಲರನ್ನು ಸೋಲಿಸಿದರು, ದೆಹಲಿಗೆ ಹೋದರು, ಅಷ್ಟೇ. ಅದಕ್ಕೂ ಮೊದಲು ಇಲ್ಲಿ ಯಾರು ಗೆಲ್ಲುತ್ತಿದ್ದರು, ಆನಂತರ ಏನಾಯಿತು, 2008ರಲ್ಲಿ ಕ್ಷೇತ್ರವೇ ಏಕೆ ಇಲ್ಲವಾಯಿತು ಎಂಬುದನ್ನು ಒಟ್ಟಾಗಿ ಹೇಳುವವರು ನನಗೆ ಸಿಗಲಿಲ್ಲ.

ನನ್ನ ಸಂದೇಹಗಳು ಮೂರು. ಮೊದಲನೆಯದು, ಇದನ್ನು "ಕಾಂಗ್ರೆಸ್ಸಿನ ಭದ್ರಕೋಟೆ" ಎಂದು ಎಲ್ಲರೂ ಬರೆಯುತ್ತಾರೆ, ಆ ಮಾತು ಎಷ್ಟು ಸರಿ? ಎರಡನೆಯದು, ದೇಶದಲ್ಲಿ ಅಷ್ಟು ಕ್ಷೇತ್ರಗಳಿರುವಾಗ ಇಂದಿರಾ ಅವರಿಗೆ ಇದೇ ಕ್ಷೇತ್ರವನ್ನು ಆರಿಸಿದ್ದೇಕೆ? ಮೂರನೆಯದು, ಈಗ ನಾವು ಉಡುಪಿಯ ಜೊತೆಗೆ ಸೇರಿ ಮತ ಹಾಕುತ್ತಿದ್ದೇವಲ್ಲ, ಕರಾವಳಿಯೊಂದಿಗಿನ ಈ ನಂಟು 2008ರಲ್ಲಿ ಹೊಸದಾಗಿ ಬಂದದ್ದೇ ಅಥವಾ ಮೊದಲೂ ಇತ್ತೇ? ಪಕ್ಷಾಭಿಮಾನವನ್ನು ಸ್ವಲ್ಪ ಬದಿಗಿಟ್ಟು ತಿಳಿದವರು ಉತ್ತರಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಹಳೆಯ ಕಡತ

ನಿಮ್ಮ ಮೂರನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಗಡಿ ಸ್ಪಷ್ಟವಾಗದೆ ಉಳಿದದ್ದು ಅರ್ಥವಾಗುವುದಿಲ್ಲ. ಚಿಕ್ಕಮಗಳೂರು ಲೋಕಸಭಾ ಕ್ಷೇತ್ರವೆಂದರೆ ಚಿಕ್ಕಮಗಳೂರು ಜಿಲ್ಲೆ ಎಂದು ಭಾವಿಸುವವರೇ ಹೆಚ್ಚು. 1977ರಿಂದ 2008ರವರೆಗೆ ಜಾರಿಯಲ್ಲಿದ್ದ ಗಡಿಯ ಪ್ರಕಾರ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳಾದ ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿ, ಕಡೂರು, ಬೀರೂರು ಮತ್ತು ತರೀಕೆರೆಗಳ ಜೊತೆಗೆ ಘಟ್ಟದ ಕೆಳಗಿನ ಕಾರ್ಕಳ ಮತ್ತು ಬೆಳ್ತಂಗಡಿಗಳೂ ಇದರಲ್ಲಿದ್ದವು. ಎಂದರೆ ಕಡೂರಿನ ತೆಂಗು ರಾಗಿಯ ಬಯಲು, ಮೂಡಿಗೆರೆ ಕೊಪ್ಪದ ಕಾಫಿ ಅಡಿಕೆ, ಚಾರ್ಮಾಡಿ ಇಳಿದರೆ ಸಿಗುವ ತುಳುನಾಡಿನ ಗದ್ದೆಗಳು, ಇವೆಲ್ಲಕ್ಕೂ ಒಬ್ಬರೇ ಸಂಸದರು. ಆದ್ದರಿಂದ ಕರಾವಳಿಯ ನಂಟು 2008ರಲ್ಲಿ ಹುಟ್ಟಿದ್ದಲ್ಲ, ಆಗ ಅದರ ತೂಕ ಮಾತ್ರ ಬದಲಾಯಿತು. ಆ ವಿಷಯವನ್ನು ಬೇರೆಯವರು ವಿವರಿಸಬಹುದು.

ಇನ್ನು ಭದ್ರಕೋಟೆಯ ಮಾತು. 1952ರ ಮೊದಲ ಮಹಾಚುನಾವಣೆಯಲ್ಲಿ ಈ ಪ್ರದೇಶವು ಹಾಸನ-ಚಿಕ್ಕಮಗಳೂರು ಎಂಬ ಜಂಟಿ ಹೆಸರಿನ ಕ್ಷೇತ್ರದಲ್ಲಿತ್ತು, ಕಾಂಗ್ರೆಸ್ಸಿನ ಎಚ್. ಸಿದ್ದನಂಜಪ್ಪನವರು ಅಲ್ಲಿಂದ ಆಯ್ಕೆಯಾಗಿದ್ದರು. ಆದರೆ 1967ರಲ್ಲಿ ಚಿಕ್ಕಮಗಳೂರಿನ ಹೆಸರಿನ ಕ್ಷೇತ್ರದಿಂದ ಲೋಕಸಭೆಗೆ ಹೋದವರು ಪ್ರಜಾ ಸೋಷಲಿಸ್ಟ್ ಪಕ್ಷದ ಎಂ. ಹುಚ್ಚೇಗೌಡರು. ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿ ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ. ಆ ಸಮಾಜವಾದಿ ಗಾಳಿ ಜಿಲ್ಲೆಯ ಗಡಿ ನೋಡಿ ನಿಲ್ಲುವಂಥದ್ದಾಗಿರಲಿಲ್ಲ. ಸಮಾಜವಾದಿಯೊಬ್ಬರ ಹೆಸರಿನೊಂದಿಗೆ ಆರಂಭವಾಗುವ ಪಟ್ಟಿಯನ್ನು ಹುಟ್ಟು ಭದ್ರಕೋಟೆ ಎನ್ನುವುದು ನನಗೆ ಒಪ್ಪಿಗೆಯಾಗದು.

1971ರಲ್ಲಿ ಚಿತ್ರ ಬದಲಾಯಿತು. ಆ ವರ್ಷ ಮೈಸೂರು ರಾಜ್ಯದ 27 ಸ್ಥಾನಗಳೆಲ್ಲವೂ ಇಂದಿರಾ ನೇತೃತ್ವದ ಕಾಂಗ್ರೆಸ್ಸಿಗೆ ಬಂದವು. ಅವುಗಳಲ್ಲಿ ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು ಗೆದ್ದ ಚಿಕ್ಕಮಗಳೂರೂ ಒಂದು. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿ, ಸ್ವತಃ ಇಂದಿರಾ ಅವರು ರಾಯ್‌ಬರೇಲಿಯಲ್ಲಿ ರಾಜ್‌ನಾರಾಯಣ್ ಅವರ ಎದುರು ಸೋತಾಗಲೂ ಕರ್ನಾಟಕದ 28ರಲ್ಲಿ 26 ಸ್ಥಾನಗಳು ಕಾಂಗ್ರೆಸ್ಸಿಗೇ ಉಳಿದವು, ಚಂದ್ರೇಗೌಡರೂ ಮರಳಿ ಗೆದ್ದರು. ಮುಂದೆ 1978ರ ಜನವರಿಯಲ್ಲಿ ಪಕ್ಷ ಒಡೆದು, ಫೆಬ್ರುವರಿಯ ವಿಧಾನಸಭಾ ಚುನಾವಣೆಯಲ್ಲಿ ದೇವರಾಜ ಅರಸರ ನೇತೃತ್ವದಲ್ಲಿ ಇಂದಿರಾ ಕಾಂಗ್ರೆಸ್ ಹೊಚ್ಚ ಹೊಸ ಕೈ ಗುರುತಿನ ಮೇಲೆ 224ರಲ್ಲಿ 149 ಸ್ಥಾನಗಳನ್ನು ಪಡೆಯಿತು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರದ ಅರ್ಧ ಭಾಗ ಇಲ್ಲಿಯೇ ಇದೆ. ಇಂದಿರಾ ಅವರಿಗೆ ಬೇಕಾಗಿದ್ದದ್ದು ಸ್ವಂತ ಸರ್ಕಾರವಿರುವ ರಾಜ್ಯ, ಗೆದ್ದು ವರ್ಷವಷ್ಟೇ ಆಗಿರುವ ನಂಬಿಕಸ್ಥ ಸದಸ್ಯ ಮತ್ತು ಆತನ ರಾಜೀನಾಮೆ. ಮೂರೂ ಇಲ್ಲಿ ಒಟ್ಟಿಗೆ ದೊರೆತವು. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟು ಅರಸರ ಮಂತ್ರಿಮಂಡಲ ಸೇರಿದರು. ಇನ್ನರ್ಧ ಭಾಗ ಘಟ್ಟದ ಕೆಳಗಿದೆ.

ಉತ್ತರ 2: ಬೆಳ್ತಂಗಡಿಯ ಹಿರಿಯ

ಹಳೆಯ ಕಡತದವರು ಬಿಟ್ಟುಹೋದ ಆ ಅರ್ಧ ಭಾಗವನ್ನು ನಾನು ಹೇಳುತ್ತೇನೆ. 1978ರಲ್ಲಿ ನನಗೆ 19 ವರ್ಷ. ಮತ ಹಾಕಲು ಆಗ 21 ತುಂಬಿರಬೇಕಿತ್ತು, ಆದ್ದರಿಂದ ದೇಶವೇ ನೋಡುತ್ತಿದ್ದ ಆ ಚುನಾವಣೆಯಲ್ಲಿ ನನಗೆ ಮತವಿರಲಿಲ್ಲ. ತಂದೆಯವರನ್ನು ಬೂತಿನವರೆಗೆ ಬಿಟ್ಟು ಬಂದದ್ದಷ್ಟೇ ನನ್ನ ಪಾತ್ರ.

ನಮ್ಮದು ಒಕ್ಕಲು ಮನೆ. ಧಣಿಗಳ ಮನೆಗೆ ವರ್ಷಕ್ಕಿಷ್ಟು ಮುಡಿ ಅಕ್ಕಿ ಗೇಣಿ ಅಳೆದ ಮೇಲೆ ಉಳಿದದ್ದರಲ್ಲಿ ನಾವು ಉಣ್ಣಬೇಕಿತ್ತು. ಅರಸರ ಸರ್ಕಾರ ತಿದ್ದುಪಡಿ ಮಾಡಿದ ಭೂಸುಧಾರಣಾ ಕಾಯ್ದೆಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ತಂದೆಯವರು ಗೇಣಿಗೆ ಉಳುತ್ತಿದ್ದ ಭೂಮಿಯ ಒಡೆತನ ಕೋರುವ ಏಳನೇ ನಮೂನೆಯ ಅರ್ಜಿ ಸಲ್ಲಿಸಿದರು. ನಮ್ಮ ಕಡೆ ಅದಕ್ಕೆ ಇಂದಿಗೂ "ಡಿಕ್ಲರೇಶನ್" ಎಂದೇ ಹೆಸರು. ಜಾಗವನ್ನು ತೋರಿಸುತ್ತ "ಇದು ಡಿಕ್ಲರೇಶನ್‌ನಲ್ಲಿ ಆದದ್ದು" ಎಂದರೆ ಬೇರೆ ವಿವರಣೆ ಬೇಕಾಗುವುದಿಲ್ಲ. ಇಡೀ ರಾಜ್ಯದಲ್ಲಿ ಗೇಣಿ ಪದ್ಧತಿ ಅತಿ ದಟ್ಟವಾಗಿದ್ದದ್ದು ದಕ್ಷಿಣ ಕನ್ನಡ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಮತ್ತು ಶಿವಮೊಗ್ಗದ ಭಾಗದಲ್ಲಿ, ಆದ್ದರಿಂದ ಕಾಯ್ದೆಯ ಫಲವೂ ಇಲ್ಲಿಯೇ ಹೆಚ್ಚಾಗಿ ಕಂಡಿತು. ಘಟ್ಟದ ಮೇಲಿನ ಕಾಫಿ ತೋಟಗಳಿಗೆ ಭೂಮಿತಿಯಿಂದ ವಿನಾಯಿತಿ ಇತ್ತೆಂಬುದನ್ನೂ ಮರೆಯಬಾರದು. ಹೀಗಾಗಿ ಒಂದೇ ಕ್ಷೇತ್ರದಲ್ಲಿ ಕಾಯ್ದೆಯಿಂದ ಗದ್ದೆ ಪಡೆದ ಒಕ್ಕಲೂ ಇದ್ದರು, ಅದರಿಂದ ತೋಟಕ್ಕೆ ಹೆಚ್ಚೇನೂ ಏಟು ಬೀಳದ ಪ್ಲಾಂಟರುಗಳೂ ಇದ್ದರು. ಒಂದು ಪಕ್ಷಕ್ಕೆ ಇದಕ್ಕಿಂತ ಅನುಕೂಲವಾದ ನೆಲ ಎಲ್ಲಿ ಸಿಗಬೇಕು?

ತುರ್ತು ಪರಿಸ್ಥಿತಿಯ ವಿಷಯ ನಮ್ಮವರಿಗೆ ತಿಳಿದಿರಲಿಲ್ಲವೆಂದಲ್ಲ. ಮಂಗಳೂರಿನಲ್ಲಿ ಹುಟ್ಟಿ, ಸೆರೆಮನೆಯಲ್ಲಿದ್ದುಕೊಂಡೇ 1977ರಲ್ಲಿ ಲೋಕಸಭೆಗೆ ಗೆದ್ದು, ಕೇಂದ್ರದಲ್ಲಿ ಮಂತ್ರಿಯಾಗಿದ್ದ ಜಾರ್ಜ್ ಫರ್ನಾಂಡಿಸ್ ಅವರೇ ಜನತಾ ಪಕ್ಷದ ಪ್ರಚಾರದ ಮುಂದಾಳಾಗಿದ್ದರು. ಆದರೆ ನಾಲ್ಕು ವರ್ಷಗಳ ಹಿಂದೆ ಪಹಣಿಯಲ್ಲಿ ತನ್ನ ಹೆಸರು ಬಂದವನಿಗೆ ದೆಹಲಿಯ ಸೆರೆಮನೆಗಳ ಕಥೆ ದೂರದ್ದಾಗಿ ಕೇಳಿಸುತ್ತಿತ್ತು. ಅದು ಸರಿಯೋ ತಪ್ಪೋ ಎಂಬುದು ಬೇರೆ ಮಾತು, ಇದ್ದದ್ದು ಹಾಗೆ.

ಹೆಡೆಯೆತ್ತಿದ ನಾಗರಹಾವಿನ ಚಿತ್ರ ಹಾಕಿ ಇಂದಿರಾ ಅವರ ವಿರುದ್ಧ ಎಚ್ಚರಿಸುವ ಜನತಾ ಪಕ್ಷದ ಭಿತ್ತಿಪತ್ರವು ನಾಗನನ್ನು ಪೂಜಿಸುವ ನಾಡಿನಲ್ಲಿ ತಿರುಗುಬಾಣವಾಯಿತು ಎಂದು ಆ ಚುನಾವಣೆಯ ಬಗ್ಗೆ ಬರೆದ ಪತ್ರಕರ್ತರು ಹೇಳುತ್ತಾರೆ. ಪ್ರತಿ ಕುಟುಂಬಕ್ಕೂ ಒಂದು ನಾಗಬನವಿರುವ ನಮ್ಮ ಕಡೆ ಅದು ಜಾಣತನದ ಚಿತ್ರವಾಗಿರಲಿಲ್ಲ, ನಿಜ. ಆದರೂ ಒಂದು ಚಿತ್ರವೇ ಫಲಿತಾಂಶ ಬರೆಯಿತು ಎನ್ನುವುದನ್ನು ನಾನು ನಂಬುವುದಿಲ್ಲ. ನಾಗನಿಗಿಂತ ಪಹಣಿಯ ಪಾಲು ದೊಡ್ಡದು. ನವೆಂಬರ್ 5ರಂದು ಮತದಾನವಾಯಿತು, ಇಂದಿರಾ ಅವರು 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

"ಏಕ್ ಶೇರ್ನಿ, ಸೌ ಲಂಗೂರ್" (ಒಂದು ಸಿಂಹಿಣಿ, ನೂರು ಕೋತಿಗಳು) ಎಂಬ ಘೋಷಣೆಯನ್ನು ದಯವಿಟ್ಟು ನಿಮ್ಮ ಲೇಖನದ ತಲೆಬರಹವಾಗಿಸಬೇಡಿ. ಅದು ಹಿಂದಿಯಲ್ಲಿ ಹುಟ್ಟಿ ಹಿಂದಿ ಬಲ್ಲವರ ನಡುವೆ ಪ್ರಸಿದ್ಧವಾದ ಘೋಷಣೆ. ನಮ್ಮ ಬೂತಿನ ಮುಂದೆ ನಿಂತಿದ್ದವರ ಮಾತು ತುಳುವಿನಲ್ಲಿತ್ತು.

ಮತ್ತೆ ಪ್ರಶ್ನೆ: ಮೂಡಿಗೆರೆಯ ಓದುಗ

ಹಿರಿಯರಿಗೂ ಕಡತದವರಿಗೂ ವಂದನೆಗಳು. ವೀರೇಂದ್ರ ಪಾಟೀಲರು ಸಹ ಹೊರಗಿನವರೇ ಅಲ್ಲವೇ ಎಂಬುದು ಈಗ ಹೊಳೆಯಿತು. ಇನ್ನೊಂದು ಸಂಗತಿ: ಗೆದ್ದ ಮೇಲೆ ಇಂದಿರಾ ಅವರು ಎಷ್ಟು ಕಾಲ ನಮ್ಮ ಸಂಸದರಾಗಿದ್ದರು? ಅವರನ್ನು ಲೋಕಸಭೆಯಿಂದ ಉಚ್ಚಾಟಿಸಿದ್ದು ಇದೇ ಅವಧಿಯಲ್ಲಿಯೇ?

ಉತ್ತರ 3: ಸದನವೀಕ್ಷಕ

ಹೌದು, ಇದೇ ಅವಧಿಯಲ್ಲಿ. ಮತದಾನವಾದ ಆರು ವಾರಗಳಲ್ಲಿ ಎಲ್ಲವೂ ಮುಗಿದಿತ್ತು. ಇಂದಿರಾ ಅವರ ಮಗ ಸಂಜಯ್ ಅವರ ಮಾರುತಿ ಕಂಪನಿಗೆ ಸಂಬಂಧಿಸಿದ ಸಂಸತ್ ಪ್ರಶ್ನೆಗಾಗಿ ಮಾಹಿತಿ ಸಂಗ್ರಹಿಸುತ್ತಿದ್ದ ಅಧಿಕಾರಿಗಳಿಗೆ ಕಿರುಕುಳ ಕೊಡಲಾಯಿತೆಂಬ ಹಕ್ಕುಚ್ಯುತಿಯ ಪ್ರಕರಣದಲ್ಲಿ ಲೋಕಸಭೆಯು 1978ರ ಡಿಸೆಂಬರ್ 19ರಂದು ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಸೆರೆಮನೆಯಲ್ಲಿಡಲು ನಿರ್ಣಯಿಸಿತು. ತಿಹಾರ್‌ನಿಂದ ಅವರು ಹೊರಬಂದದ್ದು ಡಿಸೆಂಬರ್ 26ರಂದು. ಮುಂದಿನ ಲೋಕಸಭೆಯು 1981ರ ಮೇ ತಿಂಗಳಲ್ಲಿ ಆ ಉಚ್ಚಾಟನೆಯ ನಿರ್ಣಯವನ್ನೇ ರದ್ದುಪಡಿಸಿತು.

ಇದರಲ್ಲಿ ನಿಮ್ಮ ಕ್ಷೇತ್ರಕ್ಕೆ ಸಂಬಂಧಿಸಿದ ಒಂದು ಸಂಗತಿಯನ್ನು ಯಾರೂ ಹೆಚ್ಚಾಗಿ ಗಮನಿಸಿಲ್ಲ. ಆ ಸದನದ ಸಭಾಧ್ಯಕ್ಷ ಪೀಠದಲ್ಲಿದ್ದವರು ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. ಅವರ ಹುಟ್ಟೂರು ಕಾರ್ಕಳ ತಾಲ್ಲೂಕಿನ ಕೌಡೂರು. ಎಂದರೆ ಚಿಕ್ಕಮಗಳೂರಿನ ಸಂಸದೆಯನ್ನು ಸದನ ಹೊರಗೆ ಕಳುಹಿಸಿದಾಗ ಪೀಠದಲ್ಲಿದ್ದವರು ಅದೇ ಕ್ಷೇತ್ರದ ನೆಲದಲ್ಲಿ ಹುಟ್ಟಿದವರು. ಇಷ್ಟಲ್ಲದೆ, 1973ರಲ್ಲಿ ಇಂದಿರಾ ಸರ್ಕಾರವು ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿದಾಗ ಹಿರಿತನವನ್ನು ಕಡೆಗಣಿಸಲ್ಪಟ್ಟು ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟ ಮೂವರಲ್ಲಿ ಹೆಗ್ಡೆಯವರೂ ಒಬ್ಬರು. 1977ರಲ್ಲಿ ಕರ್ನಾಟಕದಿಂದ ಗೆದ್ದ ಇಬ್ಬರೇ ಜನತಾ ಸದಸ್ಯರಲ್ಲಿಯೂ ಅವರೊಬ್ಬರು, ಬೆಂಗಳೂರು ದಕ್ಷಿಣದಿಂದ. ನಿರ್ಣಯ ಸದನದ್ದೇ ಹೊರತು ಸಭಾಧ್ಯಕ್ಷರ ಸ್ವಂತದ್ದಲ್ಲ ಎಂಬುದನ್ನು ಮಾತ್ರ ನೀವು ಬರೆಯುವಾಗ ಸ್ಪಷ್ಟಪಡಿಸಬೇಕು.

ಪಾಟೀಲರ ವಿಷಯದಲ್ಲಿ ನಿಮ್ಮ ಊಹೆ ಸರಿ. ಅವರು ಕಲಬುರಗಿ ಜಿಲ್ಲೆಯ ಚಿಂಚೋಳಿಯ ಕಡೆಯವರು, 1968ರಿಂದ 1971ರವರೆಗೆ ಮುಖ್ಯಮಂತ್ರಿಯಾಗಿದ್ದವರು. ಇಬ್ಬರು ಹೊರಗಿನವರ ನಡುವೆ ಆಯ್ಕೆ ಮಾಡಬೇಕಾದ ಮತದಾರರ ಮುಂದೆ "ಊರಿನವರಿಗೇ ಮತ" ಎಂದು ಕೇಳುವ ಅವಕಾಶವನ್ನು ಜನತಾ ಪಕ್ಷವು ತಾನಾಗಿಯೇ ಕಳೆದುಕೊಂಡಿತೆಂಬುದು ನನ್ನ ಅಭಿಪ್ರಾಯ.

ಆನಂತರ ನಡೆದದ್ದು ಇನ್ನೂ ಸ್ವಾರಸ್ಯಕರವಾಗಿದೆ. 1979ರ ಮಧ್ಯದಲ್ಲಿ ಇಂದಿರಾ ಮತ್ತು ಅರಸರು ಬೇರೆಯಾದರು. 1980ರಲ್ಲಿ ಇಂದಿರಾ ಅವರು ರಾಯ್‌ಬರೇಲಿ ಮತ್ತು ಮೇದಕ್‌ಗಳಲ್ಲಿ ನಿಂತು ಎರಡೂ ಕಡೆ ಗೆದ್ದು ಮೇದಕ್ ಉಳಿಸಿಕೊಂಡರು, ಚಿಕ್ಕಮಗಳೂರಿಗೆ ಸ್ಪರ್ಧಿಯಾಗಿ ಮರಳಲೇ ಇಲ್ಲ. ಅವರೆದುರು ಸೋತ ವೀರೇಂದ್ರ ಪಾಟೀಲರು ಅವರದೇ ಪಕ್ಷ ಸೇರಿ ಬಾಗಲಕೋಟೆಯಿಂದ ಗೆದ್ದು ಕೇಂದ್ರದಲ್ಲಿ ಮಂತ್ರಿಯಾದರು, 1989ರಲ್ಲಿ ಕಾಂಗ್ರೆಸ್ಸಿನಿಂದಲೇ ಮತ್ತೆ ಮುಖ್ಯಮಂತ್ರಿಯಾದರು. ಸ್ಥಾನ ಬಿಟ್ಟುಕೊಟ್ಟ ಚಂದ್ರೇಗೌಡರು ಜನತಾ ಪಕ್ಷಕ್ಕೆ ಹೋಗಿ 1983ರಿಂದ 1985ರವರೆಗೆ ವಿಧಾನಸಭೆಯ ಸಭಾಧ್ಯಕ್ಷರಾದರು, ಕಾಂಗ್ರೆಸ್ಸಿಗೆ ಮರಳಿ ಎಸ್.ಎಂ. ಕೃಷ್ಣ ಸಂಪುಟದಲ್ಲಿ ಕಾನೂನು ಮಂತ್ರಿಯಾದರು, 2009ರಲ್ಲಿ ಭಾಜಪದಿಂದ ಬೆಂಗಳೂರು ಉತ್ತರದ ಸಂಸದರಾದರು. ಅವರು ದಾರದಹಳ್ಳಿಯಲ್ಲಿ ನಿಧನರಾದದ್ದು 2023ರ ನವೆಂಬರ್‌ನಲ್ಲಿ.

ಭದ್ರಕೋಟೆ ಎಂಬ ಮಾತು ಹೊಂದುವುದಾದರೆ ಅದು 1971ರಿಂದ 1996ರವರೆಗಿನ ಕಾಲು ಶತಮಾನಕ್ಕೆ ಮಾತ್ರ. 1980ರಲ್ಲಿ ಡಿ.ಎಂ. ಪುಟ್ಟೇಗೌಡ, 1984ರಲ್ಲಿ ಡಿ.ಕೆ. ತಾರಾದೇವಿ, 1989ರಲ್ಲಿ ಮತ್ತೆ ಪುಟ್ಟೇಗೌಡ, 1991ರಲ್ಲಿ ಮತ್ತೆ ತಾರಾದೇವಿ, ಹೀಗೆ ಒಬ್ಬರಾದ ಮೇಲೆ ಒಬ್ಬರು ಕಾಂಗ್ರೆಸ್ಸಿನಿಂದ ಗೆಲ್ಲುತ್ತಿದ್ದರು. ಅಭ್ಯರ್ಥಿ ಬದಲಾದರೂ ಫಲಿತಾಂಶ ಬದಲಾಗದಿದ್ದ ಕಾಲವದು. ತಾರಾದೇವಿಯವರು ನರಸಿಂಹರಾವ್ ಸರ್ಕಾರದಲ್ಲಿ ರಾಜ್ಯ ಸಚಿವೆಯೂ ಆಗಿದ್ದರು. 1978ರ ಗದ್ದಲದಲ್ಲಿ ಮುಚ್ಚಿಹೋದ ಇನ್ನೊಂದು ವಿಷಯವಿದು: ಈ ಕ್ಷೇತ್ರವು ಇಂದಿರಾ ಅವರನ್ನು ಸೇರಿಸಿ ಎಂಬತ್ತರ ದಶಕದೊಳಗೇ ಇಬ್ಬರು ಮಹಿಳೆಯರನ್ನು ಲೋಕಸಭೆಗೆ ಕಳುಹಿಸಿತ್ತು.

ಉತ್ತರ 4: ಕಡೂರು ಸೀಮೆಯವ

ಮೇಲಿನ ಮೂವರೂ ಮಲೆನಾಡು, ಕರಾವಳಿ, ದೆಹಲಿಗಳನ್ನೇ ನೋಡಿದ್ದೀರಿ. ಬಯಲಿನವನಾದ ನಾನು ಕೊನೆಯ ಹನ್ನೆರಡು ವರ್ಷಗಳನ್ನು ಹೇಳುತ್ತೇನೆ, ಏಕೆಂದರೆ ಕ್ಷೇತ್ರ ಕಳೆದುಕೊಂಡವರಲ್ಲಿ ಹೆಚ್ಚು ಕಳೆದುಕೊಂಡವರು ನಾವು.

1996ರಲ್ಲಿ ಜನತಾ ದಳವು ಕರ್ನಾಟಕದ 28ರಲ್ಲಿ 16 ಸ್ಥಾನ ಗೆದ್ದು ಎಚ್.ಡಿ. ದೇವೇಗೌಡರು ಪ್ರಧಾನಿಯಾದರಲ್ಲ, ಆ ಅಲೆಯಲ್ಲಿ ಬಿ.ಎಲ್. ಶಂಕರ್ ಅವರು ಇಲ್ಲಿ ಕಾಂಗ್ರೆಸ್ಸಿನ ಸರಣಿಯನ್ನು ಮುರಿದರು. ಅದು ಎರಡೇ ವರ್ಷ ಬಾಳಿತು. 1998ರಲ್ಲಿ ರಾಮಕೃಷ್ಣ ಹೆಗಡೆಯವರ ಲೋಕಶಕ್ತಿಯೊಂದಿಗೆ ಕೈಜೋಡಿಸಿದ ಭಾಜಪದಿಂದ ಡಿ.ಸಿ. ಶ್ರೀಕಂಠಪ್ಪನವರು ಗೆದ್ದರು, 1999 ಮತ್ತು 2004ರಲ್ಲಿಯೂ ಅವರೇ. ಕಾಂಗ್ರೆಸ್ ರಾಜ್ಯದಲ್ಲಿ 18 ಸ್ಥಾನ ಪಡೆದ 1999ರಲ್ಲಿಯೂ ಈ ಕ್ಷೇತ್ರ ಅದರತ್ತ ಮರಳಲಿಲ್ಲ ಎಂಬುದನ್ನು ಗಮನಿಸಿ. ಆದ್ದರಿಂದ "ಇಂದಿರಾ ಗೆದ್ದ ಕ್ಷೇತ್ರ" ಎಂದು ಪತ್ರಿಕೆಗಳು ಬರೆಯುತ್ತಿದ್ದ ಹೊತ್ತಿಗೆ ಅದು ಭಾಜಪದ ಸತತ ಮೂರನೆಯ ಗೆಲುವಿನ ಕ್ಷೇತ್ರವಾಗಿತ್ತು.

ಇದಕ್ಕೆ ಬಾಬಾಬುಡನ್‌ಗಿರಿಯ ದತ್ತಪೀಠ ವಿವಾದವೊಂದನ್ನೇ ಕಾರಣವಾಗಿ ತೋರಿಸುವುದು ಈಗ ರೂಢಿಯಾಗಿದೆ. ಅದರ ಪಾಲನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಜನತಾ ದಳ ಒಡೆದು ಚೂರಾದಾಗ ಬಯಲಿನಲ್ಲಿ ಹೆಗಡೆಯವರನ್ನು ನಂಬಿದ್ದ ಲಿಂಗಾಯತ ಮತಗಳು ಎತ್ತ ಹೋದವು ಎಂಬ ಲೆಕ್ಕವನ್ನೂ ಹಾಕಬೇಕು. ತರೀಕೆರೆ, ಬೀರೂರು, ಕಡೂರುಗಳಲ್ಲಿ ಕುಳಿತು ನೋಡಿದವರಿಗೆ ಗಿರಿಗಿಂತ ಈ ಲೆಕ್ಕವೇ ಹತ್ತಿರದಲ್ಲಿ ಕಾಣುತ್ತಿತ್ತು. ಬೆಳ್ತಂಗಡಿಯ ಹಿರಿಯರು ಹೇಳಿದ ಡಿಕ್ಲರೇಶನ್‌ನ ಋಣವೂ ಅಷ್ಟರಲ್ಲಿ ತೀರಿತ್ತು. ಗದ್ದೆ ಪಡೆದವರ ಮಕ್ಕಳಿಗೆ ಅದು ಅಪ್ಪನ ಆಸ್ತಿಯೇ ಹೊರತು ಸರ್ಕಾರ ಕೊಟ್ಟದ್ದಲ್ಲ.

ಇನ್ನು ಪುನರ್ವಿಂಗಡಣೆ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಆಯೋಗವು 2001ರ ಜನಗಣತಿಯ ಆಧಾರದ ಮೇಲೆ ಗಡಿಗಳನ್ನು ಮರುರಚಿಸಿ, 2008ರಲ್ಲಿ ಅದು ಜಾರಿಗೆ ಬಂದಾಗ ಹೊಸ ಗಡಿಗಳ ಮೇಲೆ ಮೊದಲು ಮತ ಹಾಕಿದ ರಾಜ್ಯ ಕರ್ನಾಟಕವೇ. ಬೀರೂರು ವಿಧಾನಸಭಾ ಕ್ಷೇತ್ರ ಇಲ್ಲವಾಗಿ ಜಿಲ್ಲೆಯ ಆರು ಐದಾದವು. ಬೆಳ್ತಂಗಡಿಯು ದಕ್ಷಿಣ ಕನ್ನಡ ಲೋಕಸಭಾ ಕ್ಷೇತ್ರಕ್ಕೆ, ನಮ್ಮ ಕಡೂರು ಹಾಸನಕ್ಕೆ ಹೋದವು. ಉಳಿದ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆಗಳು ಕುಂದಾಪುರ, ಉಡುಪಿ, ಕಾಪು, ಕಾರ್ಕಳಗಳೊಂದಿಗೆ ಸೇರಿ ಉಡುಪಿ-ಚಿಕ್ಕಮಗಳೂರು ಆಯಿತು. ಮೊದಲು ಎಂಟರಲ್ಲಿ ಆರು ನಮ್ಮವು, ಎರಡು ಘಟ್ಟದ ಕೆಳಗಿನವು, ಈಗ ಅರ್ಧಕ್ಕರ್ಧ. ಹಳೆಯ ಕಡತದವರು ಹೇಳಿದ ತೂಕದ ಬದಲಾವಣೆ ಎಂದರೆ ಇದೇ. ಹೊಸ ಕ್ಷೇತ್ರದಿಂದ ಈವರೆಗೆ ಗೆದ್ದ ಡಿ.ವಿ. ಸದಾನಂದ ಗೌಡ, 2012ರ ಉಪಚುನಾವಣೆಯ ಜಯಪ್ರಕಾಶ್ ಹೆಗ್ಡೆ, ಎರಡು ಬಾರಿ ಶೋಭಾ ಕರಂದ್ಲಾಜೆ ಮತ್ತು 2024ರ ಕೋಟ ಶ್ರೀನಿವಾಸ ಪೂಜಾರಿಯವರೆಲ್ಲರೂ ಘಟ್ಟದ ಕೆಳಗಿನವರೇ ಎಂಬುದನ್ನು ನೋಡಿದರೆ ಅರ್ಧಕ್ಕರ್ಧ ಎಂಬುದು ಕಾಗದದ ಮೇಲಿನ ಮಾತೆಂದು ತಿಳಿಯುತ್ತದೆ.

ಉತ್ತರ 5: ಬೆಳ್ತಂಗಡಿಯ ಹಿರಿಯ

ಕಡೂರಿನವರ ದೂರಿನಲ್ಲಿ ಸತ್ಯವಿದೆ, ಆದರೆ ಮೂವತ್ತು ವರ್ಷ ನಾವೂ ಇದನ್ನೇ ಹೇಳುತ್ತಿದ್ದೆವು. 1977ರಿಂದ 2004ರವರೆಗೆ ಆ ಕ್ಷೇತ್ರದಿಂದ ಗೆದ್ದವರಲ್ಲಿ ಬೆಳ್ತಂಗಡಿಯವರಾಗಲಿ ಕಾರ್ಕಳದವರಾಗಲಿ ಒಬ್ಬರೂ ಇಲ್ಲ. ಸಂಸದರನ್ನು ಕಾಣಬೇಕಾದರೆ ಚಾರ್ಮಾಡಿ ಹತ್ತಬೇಕಿತ್ತು. ಮಳೆಗಾಲದಲ್ಲಿ ಗುಡ್ಡ ಜರಿದು ಘಾಟಿ ಮುಚ್ಚಿದರೆ ಅರ್ಜಿಯೂ ಅಲ್ಲಿಗೇ ನಿಂತಿತು. ಈಗ ಮಂಗಳೂರಿಗೆ ಬಸ್ಸು ಹತ್ತಿದರಾಯಿತು.

ಮತ್ತೆ: ಮೂಡಿಗೆರೆಯ ಓದುಗ

ಎಲ್ಲರಿಗೂ ವಂದನೆಗಳು. ಇಂದಿರಾ ಅವರಿಂದ ಆರಂಭಿಸಿದ್ದ ನನ್ನ ಕರಡಿನ ಮೊದಲ ಪುಟವನ್ನು ತೆಗೆದುಹಾಕಿದ್ದೇನೆ. ಈಗ ಅದು 1967ರ ಹುಚ್ಚೇಗೌಡರಿಂದ ಆರಂಭವಾಗುತ್ತದೆ. ಕ್ಷೇತ್ರದ ಹಳೆಯ ನಕ್ಷೆಯೊಂದನ್ನು ಕೈಯಲ್ಲಿಯೇ ಬರೆಯುತ್ತಿದ್ದೇನೆ, ಅದರಲ್ಲಿ ಬೆಳ್ತಂಗಡಿಯೂ ಕಡೂರೂ ಒಂದೇ ಗೆರೆಯೊಳಗೆ ಇರುತ್ತವೆ. ಏಳನೇ ನಮೂನೆಯ ಹಳೆಯ ಪ್ರತಿಯೇನಾದರೂ ಹಿರಿಯರ ಮನೆಯಲ್ಲಿ ಉಳಿದಿದ್ದರೆ, ಹೆಸರು ಮತ್ತು ಸರ್ವೆ ನಂಬರು ಮರೆಮಾಡಿ ಅದರ ಚಿತ್ರವೊಂದನ್ನು ಕೊಡಲು ಸಾಧ್ಯವೇ?

ಉತ್ತರ 6: ಬೆಳ್ತಂಗಡಿಯ ಹಿರಿಯ

ಇದೆ. ತಂದೆಯವರು ಅದನ್ನು ಪಟ್ಟೆಯ ಜೊತೆಗೆ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟಿದ್ದರು. ಭಾನುವಾರ ತೆಗೆದು ನೋಡುತ್ತೇನೆ.